ಹೊನ್ನಾವರಕ್ಕೆ ಒಬ್ಬನೇ ಬಂದ ಗಂಡ

ಲಾಂಗ್ ವೀಕೆಂಡ್ ಬಂತೆಂದರೆ ಬೆಂಗಳೂರಿನ ಜೋಡಿಗಳೆಲ್ಲ ಉತ್ತರ ಕನ್ನಡದ ಕಡಲಿಗೆ ಹೊರಡುತ್ತವೆ. ಗೋಕರ್ಣ, ಮುರುಡೇಶ್ವರ, ಈಗೀಗ ಹೊನ್ನಾವರ. ಶರಾವತಿಯ ಕಾಂಡ್ಲಾ ಕಾಡಿನ ನಡುವೆ ದೋಣಿ, ಸಂಜೆಗೆ ಮೀನೂಟ, ಫೋನ್ ತುಂಬ ಫೋಟೊ. ನಾನೂ ನನ್ನ ಹೆಂಡತಿಯೂ ಹೀಗೆ ಹೋಗಿ ಬಂದವರೇ. ಈ ಹೊಳೆಯ ಮೇಲೆ 400 ವರ್ಷ ಹಿಂದೆ ಹೋದ ಇನ್ನೊಬ್ಬ ಪ್ರವಾಸಿಯ ಕಥೆ ಹೇಳಬೇಕು. ಅವನದ್ದೂ ಇಬ್ಬರು ಸೇರಿ ಹಾಕಿಕೊಂಡ ಟ್ರಿಪ್ಪೇ. ಬಂದಿದ್ದು ಮಾತ್ರ ಒಬ್ಬನೇ.

ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಶ್ರೀಮಂತ ಮನೆತನದವನು. ಪ್ರೇಮಭಂಗವಾಯಿತೆಂದು 1614ರಲ್ಲಿ ವೆನಿಸ್‌ನಲ್ಲಿ ಹಡಗು ಹತ್ತಿದ. ಬಾಗ್ದಾದಿನ ದಾರಿಯಲ್ಲಿ ಯಾರೋ ಅಲ್ಲಿನ ಒಬ್ಬ ಕ್ರೈಸ್ತ ಹುಡುಗಿಯನ್ನು ಹೊಗಳಿದರು. ಪುಣ್ಯಾತ್ಮ, ನೋಡುವ ಮೊದಲೇ ಮನಸ್ಸು ಕೊಟ್ಟುಬಿಟ್ಟ! 1616ರಲ್ಲಿ ಅವಳನ್ನೇ ಮದುವೆಯಾದ. ಅವಳು ಮಾನಿ. ಇಬ್ಬರೂ ಐದು ವರ್ಷ ಪರ್ಷಿಯಾ ಸುತ್ತಿದರು. ಆಮೇಲೆ ಭಾರತದ ಮೂಲಕ ಇಟಲಿಗೆ ಹೋಗೋಣ ಅಂತ ಹಾರ್ಮುಜ್ ಕಡೆ ಹೊರಟರು. ಅಲ್ಲಿ ಪೋರ್ಚುಗೀಸರ ಮೇಲೆ ಯುದ್ಧ, ಹಡಗಿಲ್ಲ. ಕಾಯುತ್ತಿದ್ದಾಗ ಬಸುರಿ ಮಾನಿಗೆ ಜ್ವರ ಬಂತು, ಗರ್ಭ ಹೋಯಿತು. 1621ರ ಡಿಸೆಂಬರ್ 30ರಂದು ಮಿನಾಬ್ ಎಂಬ ಊರಿನಲ್ಲಿ ಅವಳು ತೀರಿಕೊಂಡಳು.

ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಹೆಣ ಕೆಡದಂತೆ ಕರ್ಪೂರ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಹೊತ್ತ. ಹಡಗಿನವರಿಗೆ ಗೊತ್ತಾದರೆ ಹತ್ತಿಸಿಕೊಳ್ಳುವುದಿಲ್ಲ ಎಂದು ಅದನ್ನು ಲಗೇಜಿನ ನಡುವೆ ಅಡಗಿಸಿದ. 1623ರ ಆರಂಭದಲ್ಲಿ ಸೂರತ್, ಏಪ್ರಿಲ್ ಹೊತ್ತಿಗೆ ಗೋವಾ. ಅದೇ ಅಕ್ಟೋಬರಿನಲ್ಲಿ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡು ಹೊನ್ನಾವರಕ್ಕೆ ಬಂದಿಳಿದ.

ಅವನು ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳು ನಮ್ಮ ಕರಾವಳಿಯ ಇತಿಹಾಸಕ್ಕೆ ಚಿನ್ನದಂಥವು. ಗೇರುಸೊಪ್ಪೆಗೆ ದೋಣಿಯಲ್ಲಿ ಹೋದಾಗ, ತಾನು ಕಂಡ ಅತಿ ಚೆಲುವಾದ ಹೊಳೆಗಳಲ್ಲಿ ಶರಾವತಿಯನ್ನೂ ಸೇರಿಸಿದ. ಪೋರ್ಚುಗೀಸರು 'ಮೆಣಸಿನ ರಾಣಿ' ಎನ್ನುತ್ತಿದ್ದವಳ ಪಟ್ಟಣ ಅಷ್ಟರಲ್ಲೇ ಹಾಳುಬಿದ್ದು ಕಾಡು ಬೆಳೆದಿತ್ತು. ಘಟ್ಟದ ದಾರಿಯಲ್ಲಿ ದೇವಸ್ಥಾನದ ಜಗಲಿಯ ಮೇಲೆ ಹುಡುಗರು ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತಾ ಬೆರಳಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅದನ್ನೂ ಬಿಡದೆ ಬರೆದಿಟ್ಟಿದ್ದಾನೆ. ಆದರೆ ನನ್ನನ್ನು ಕಾಡುವುದು ಮುಂದೆ ಅವನಿಗೆ ಸಿಕ್ಕ ಇಬ್ಬರು ಹೆಂಗಸರು.

ಮೊದಲನೆಯವಳು ಸಿಕ್ಕಿದ್ದು ಇಕ್ಕೇರಿಯಲ್ಲಿ. ಆಗ ಅದು ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ. ನವೆಂಬರಿನ ಒಂದು ಸಂಜೆ ಒಬ್ಬ ಹೆಂಗಸು ಕುದುರೆಯ ಮೇಲೆ ಕೂತು ಬೀದಿಯಲ್ಲಿ ಬಂದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದಾನೆ, ಸಹಗಮನಕ್ಕೆ ಹೊರಟವಳು. ನಮ್ಮ ಮಲೆನಾಡಿನ ಮಾಸ್ತಿಕಲ್ಲು ನೋಡಿದವರಿಗೆ ಆ ನಿಂಬೆಹಣ್ಣು ಗೊತ್ತು. ಬಳೆ ತೊಟ್ಟು ಮೇಲೆತ್ತಿದ ಕೈಯಲ್ಲಿ ಅದನ್ನೇ ಕೆತ್ತಿರುತ್ತಾರೆ. ಕಲ್ಲು ಮಾತಾಡುವುದಿಲ್ಲ. ಪಿಯೆತ್ರೊ ಮಾತ್ರ ಆಕೆಯ ಮನೆಗೇ ಹೋಗಿ ಮಾತಾಡಿಸಿದ. ಹೆಸರನ್ನು ತನ್ನ ಕಿವಿಗೆ ಕೇಳಿದಂತೆ ಬರೆದುಕೊಂಡ. ನಾವು ಅದನ್ನು ಜಕ್ಕಮ್ಮ ಎಂದು ಓದಬಹುದು. ತೆಲುಗರವಳು, ಗಂಡ ನಗಾರಿ ಬಾರಿಸುವವನು. ಅವನಿಗೆ ಇನ್ನೂ ಇಬ್ಬರು ಹೆಂಡಿರಿದ್ದರು. ಮಕ್ಕಳು ಬಹಳ ಎಂಬ ಕಾರಣ ಕೊಟ್ಟು ಅವರು ಉಳಿದುಕೊಂಡರು. ನಿನಗೂ ಮಕ್ಕಳಿವೆಯಲ್ಲ, ಯಾರು ನೋಡಿಕೊಳ್ಳುತ್ತಾರೆ ಅಂತ ಇವನು ಕೇಳಿದ. ನೆಂಟರಿಗೆ ಒಪ್ಪಿಸಿದ್ದೇನೆ ಎಂದಳು. ಯಾರ ಬಲವಂತವೂ ಇಲ್ಲ, ನನ್ನಿಷ್ಟ ಎಂದೂ ಹೇಳಿದಳು.

ಅವನು ಮನಸ್ಸು ತಿರುಗಿಸಲು ನೋಡಿದ, ಆಗಲಿಲ್ಲ. ನಿನ್ನ ಹೆಸರನ್ನು ಜಗತ್ತಿಗೆ ತಿಳಿಸುತ್ತೇನೆ ಎಂದು ಮಾತು ಕೊಟ್ಟ. ಅವಳ ಮೇಲೆ ಪದ್ಯಗಳನ್ನೂ ಕಟ್ಟಿದ. ಇಲ್ಲಿ ಪ್ರತಿಸಲವೂ ನನ್ನ ಓದು ನಿಂತುಬಿಡುತ್ತದೆ. ಇಬ್ಬರ ದುಃಖವೂ ಒಂದೇ ಅಲ್ವಾ? ಜೀವನದ ಜೊತೆಗಾರ ಹೋದ ದುಃಖ. ಹೆಂಡತಿ ಸತ್ತ ಗಂಡಿಗೆ ಜಗತ್ತು ಸುತ್ತಲು ದಾರಿಯಿತ್ತು, ಗಂಡ ಸತ್ತ ಹೆಣ್ಣಿಗೆ ಊರು ಒಂದು ಸುತ್ತು ಮೆರವಣಿಗೆಯನ್ನಷ್ಟೇ ಕೊಟ್ಟಿತು. 'ನನ್ನಿಷ್ಟ' ಎಂಬ ಮಾತು ಅಂಥ ಊರಿನಲ್ಲಿ ಎಷ್ಟು ಅವಳದ್ದು, ಎಷ್ಟು ಊರಿನದ್ದು?

ಇದಕ್ಕೆ ಸುಲಭದ ಉತ್ತರ ಒಂದಿದೆ: ಆ ಕಾಲವೇ ಹಾಗಿತ್ತು ಬಿಡಿ! ಅದನ್ನು ಸುಳ್ಳು ಮಾಡುವವಳು ಮರುತಿಂಗಳೇ ಸಿಗುತ್ತಾಳೆ. ಪಿಯೆತ್ರೊ ಘಟ್ಟ ಇಳಿದು ಬಸ್ರೂರಿನ ದಾರಿಯಾಗಿ ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಕಂಡ. ಚೌಟರ ಅಬ್ಬಕ್ಕ. ನಮ್ಮ ನಾಟಕ, ಮೆರವಣಿಗೆಗಳ ವೀರರಾಣಿ ಇವಳೋ, ಇವಳಿಗಿಂತ ಹಿಂದಿನವಳೋ ಎಂಬ ಚರ್ಚೆ ಇನ್ನೂ ಇದೆ. ಅದೇನೇ ಇರಲಿ, ಇವನು ಕಂಡವಳು ಬರಿಗಾಲಲ್ಲಿ ನಡೆದು ಕಾಲುವೆ ಕೆಲಸ ನೋಡಲು ಬಂದಿದ್ದಳು. ನೋಟಕ್ಕೆ ಅಡುಗೆಮನೆಯ ಆಳು, ಮಾತಿಗೆ ನಿಂತರೆ ರಾಣಿ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಪಕ್ಕದ ಬಂಗ ಅರಸ ಅವಳ ಗಂಡನಾಗಿದ್ದ. ಸರಿಬರಲಿಲ್ಲ, ಅವನು ಕೊಟ್ಟ ಒಡವೆ ವಾಪಸ್ ಕಳಿಸಿ ಸಂಬಂಧ ಮುಗಿಸಿದಳು. ಜಗಳ ಯುದ್ಧದವರೆಗೂ ಹೋಯಿತು. ಅವನ ಬೆನ್ನಿಗೆ ಪೋರ್ಚುಗೀಸರು ನಿಂತರೆ, ಇವಳು ವೆಂಕಟಪ್ಪ ನಾಯಕನನ್ನು ಕರೆಸಿದಳು. ಮನೆತನ ಹೆಣ್ಣಿನ ಕಡೆಯಿಂದ ಸಾಗುವ ಅಳಿಯಸಂತಾನದ ನಾಡು ಅದು. ಗಂಡ ಬಿಟ್ಟರೆ ನೆಲ ಬಿಟ್ಟಂತಾಗುತ್ತಿರಲಿಲ್ಲ. ಇಕ್ಕೇರಿಗೂ ಉಳ್ಳಾಲಕ್ಕೂ ಇದ್ದ ಅಂತರ ಕಾಲದ್ದಲ್ಲ, ಯಾರ ಕೈಯಲ್ಲಿ ಏನಿತ್ತು ಎಂಬುದರದ್ದು.

ಈ ರಾಣಿ ಅವನನ್ನು ವಿಚಾರಿಸಿಕೊಂಡಳು. ಊರು ಬಿಟ್ಟು ಇಷ್ಟು ದೂರ ಯಾಕೆ ಅಲೆಯುತ್ತಿದ್ದೀಯ, ಪ್ರೀತಿಪಾತ್ರರು ಯಾರಾದರೂ ಹೋದರೇ, ಅಂತ. ದೇಶ ನೋಡುವ ಆಸೆಯೇ ಮುಖ್ಯ ಕಾರಣ ಎಂದನಂತೆ. ಹಾಗೆಂದವನೇ, ಹೆಂಡತಿ ಸತ್ತಿದ್ದಾಳೆ, ಉಡುಪಿನಲ್ಲಿ ಶೋಕವಿಲ್ಲದಿದ್ದರೂ ಮನಸ್ಸಿನಲ್ಲಿದೆ ಎಂದೂ ಒಪ್ಪಿಕೊಂಡ. ಗಂಡನಿಗೆ ಒಡವೆ ವಾಪಸ್ ಕಳಿಸಿದವಳ ಎದುರು, ಹೆಂಡತಿಯ ಹೆಣ ಬಿಡಲಾರದವನು.

ಪಿಯೆತ್ರೊ 1626ರಲ್ಲಿ ರೋಮ್ ತಲುಪಿದ. ಮನೆತನದ ಸಮಾಧಿಯಲ್ಲಿ ಮಾನಿಯನ್ನು ಇಳಿಸಿದ. ಚರಮ ಭಾಷಣ ಮಾಡಲು ನಿಂತವನು ಬಿಕ್ಕಿ ಅತ್ತನಂತೆ. ಆಮೇಲೆ ಇನ್ನೊಂದು ಮದುವೆಯಾದ. ಪರ್ಷಿಯಾದಲ್ಲಿ ಮಾನಿಯೇ ಸಾಕಿಕೊಂಡಿದ್ದ, ಅವಳು ಸತ್ತ ಮೇಲೂ ಭಾರತದುದ್ದಕ್ಕೂ ಇವನ ಜೊತೆಗಿದ್ದ ಜಾರ್ಜಿಯಾದ ಅನಾಥ ಹುಡುಗಿಯನ್ನು. ಮಕ್ಕಳೂ ಆದರು. 1652ರವರೆಗೆ ಬದುಕಿದ.

ಅವನ ಪ್ರೀತಿ ನಿಜ, ದುಃಖವೂ ನಿಜ. ಎರಡರ ಆಚೆಗೂ ಅವನಿಗೊಂದು ಬದುಕಿತ್ತು, ಅಷ್ಟೇ. ಇಕ್ಕೇರಿಯ ಬೀದಿಯಲ್ಲಿ ನಿಂಬೆಹಣ್ಣು ಹಿಡಿದು ಹೋದವಳಿಗೆ ಅದು ಇರಲಿಲ್ಲ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದಕ್ಕೆ ಇವತ್ತು ನಮಗೆ ಅವಳ ಹೆಸರಾದರೂ ಗೊತ್ತು. ಜಕ್ಕಮ್ಮ.