ಜೂಡಿತ್ ಸ್ಕಾಟಳ ನೂಲಿನ ಗಂಟುಗಳು

ಮಾತು ಬಾರದ ಮಗು ತೊಟ್ಟ ಬಟ್ಟೆಯನ್ನು ಹರಿದುಕೊಂಡರೆ, ಜೊತೆಯ ಮಕ್ಕಳಿಗೆ ಹೊಡೆದರೆ, ಹಟಮಾರಿಯೆಂದು ಹೆಸರಿಟ್ಟು ನಾವು ಸುಮ್ಮನಾಗಿಬಿಡುತ್ತೇವೆ. ಅಮೆರಿಕದ ಒಹಾಯೊ ರಾಜ್ಯದ ಸರ್ಕಾರಿ ಆಶ್ರಯಧಾಮವೊಂದು ಮಾಡಿದ್ದೂ ಇದನ್ನೇ.

ಆ ರಾಜ್ಯದಲ್ಲಿ 1943ರಲ್ಲಿ ಜಾಯ್ಸ್ ಮತ್ತು ಜೂಡಿತ್ ಸ್ಕಾಟ್ ಎಂಬ ಅವಳಿ ಹೆಣ್ಣುಮಕ್ಕಳು ಜನಿಸಿದರು. ಜೂಡಿತಳಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಹಸುಳೆಯಾಗಿದ್ದಾಗ ಬಂದ ಸ್ಕಾರ್ಲೆಟ್ ಜ್ವರ ಅವಳ ಶ್ರವಣವನ್ನೂ ಕಸಿದುಕೊಂಡಿತ್ತು; ಅದನ್ನು ಯಾರೂ ಅರಿಯಲಿಲ್ಲ. ಏಳರ ಪ್ರಾಯದಲ್ಲಿ ಅವಳ ಬುದ್ಧಿಯನ್ನು ಮಾತಿನ ಪ್ರಶ್ನೆಗಳಿಂದ ಅಳೆದರು. ಕಿವಿಗೆ ಬೀಳದ ಪ್ರಶ್ನೆಗೆ ಉತ್ತರವಾದರೂ ಎಲ್ಲಿಂದ ಬಂದೀತು? ಶಿಕ್ಷಣಕ್ಕೆ ಅನರ್ಹಳೆಂದು ತೀರ್ಮಾನವಾಯಿತು. 1950ರ ಅಕ್ಟೋಬರಿನಲ್ಲಿ ಆಕೆ ಕೊಲಂಬಸ್ ನಗರದ ಆಶ್ರಯಧಾಮ ಸೇರಿದಳು. ಬೆಳಗ್ಗೆ ಎದ್ದ ಜಾಯ್ಸಳಿಗೆ ಹಾಸಿಗೆಯ ಅರ್ಧ ಬರಿದಾಗಿತ್ತು. ಈಕೆ ಬಟ್ಟೆ ಹರಿಯುತ್ತಾಳೆ, ಇತರರನ್ನು ಹೊಡೆಯುತ್ತಾಳೆ, ವಾರ್ಡಿಗೆಲ್ಲ ಉಪದ್ರವ ಎಂದು ಅಲ್ಲಿಯ ಕಡತ ದಾಖಲಿಸಿತು.

ವರ್ತನೆಯ ತೊಡಕಿರುವ ಮಕ್ಕಳ ಚಿತ್ರಗಳನ್ನು ಕುರಿತ ಮಾರ್ಗರೆಟ್ ನೌಂಬರ್ಗ್ ಅವರ ಗ್ರಂಥ 1947ರಲ್ಲೇ ನ್ಯೂಯಾರ್ಕಿನಲ್ಲಿ ಬೆಳಕು ಕಂಡಿತ್ತು. ಆ ಅರಿವು ಜೂಡಿತಳವರೆಗೆ ಬರಲಿಲ್ಲ. ಅವಳ ಕೈಯ ಬಣ್ಣದ ಕಡ್ಡಿಗಳನ್ನೂ ಕಿತ್ತುಕೊಂಡರೆಂದು ಜಾಯ್ಸ್ ಬರೆದಿದ್ದಾರೆ.

ಹೀಗೆ 35 ವರ್ಷ ಕಳೆಯಿತು. ಬಳಿಕ ಜಾಯ್ಸ್ ಪಾಲಕತ್ವ ಪಡೆದು ತಂಗಿಯನ್ನು ಕ್ಯಾಲಿಫೋರ್ನಿಯಕ್ಕೆ ಕರೆತಂದರು. ಅಲ್ಲಿ ಓಕ್‌ಲೆಂಡಿನ ‘ಕ್ರಿಯೇಟಿವ್ ಗ್ರೋತ್’ ಎಂಬ ಕಲಾಶಾಲೆಗೆ 1987ರಲ್ಲಿ ಸೇರಿಸಿದರು. ಮನಶ್ಶಾಸ್ತ್ರಜ್ಞ ಎಲಿಯಾಸ್ ಕಾಟ್ಸ್ ಮತ್ತು ಕಲಾವಿದೆಯಾದ ಅವರ ಪತ್ನಿ ಫ್ಲಾರೆನ್ಸ್ 1974ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಚಿಕಿತ್ಸಕರಿಲ್ಲ, ಕಲಾವಿದರಿದ್ದಾರೆ. ಅದರ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಗುಣಪಡಿಸಲು ಹೊರಟವನಿಗೆ ಅವಸರವಿರುತ್ತದೆ. ಜೂಡಿತ್ ಸುಮಾರು ಎರಡು ವರ್ಷ ಗೀಚಿದ್ದಷ್ಟೇ, ಯಾವುದರಲ್ಲೂ ಆಸಕ್ತಿ ತೋರಲಿಲ್ಲ. ಆದರೂ ಯಾರೂ ಅವಳನ್ನು ಹೊರಹಾಕಲಿಲ್ಲ.

ಕೊನೆಗೊಂದು ದಿನ, ನೂಲುಕಲೆಯ ಸಿಲ್ವಿಯಾ ಸೆವೆಂಟಿ ಅವರ ತರಗತಿಯಲ್ಲಿ, ಕಡ್ಡಿಗಳನ್ನು ಒಟ್ಟುಗೂಡಿಸಿ ನೂಲು ಸುತ್ತತೊಡಗಿದಳು. ಆಮೇಲೆ ಆ ಕೈ ನಿಲ್ಲಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ (ಕೆಲವನ್ನು ಕದ್ದೂ!) ಒಳಗಿಟ್ಟು, ವಾರಗಟ್ಟಲೆ ಸುತ್ತಿ, ಗಂಟುಹಾಕಿ, ಮೈತುಂಬಿದ ಆಕೃತಿಗಳನ್ನು ನಿಲ್ಲಿಸಿದಳು. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ 200ಕ್ಕೂ ಹೆಚ್ಚು ಶಿಲ್ಪಗಳಾಗಿದ್ದವು. 2014ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನ ಏರ್ಪಡಿಸಿತು.

ಅವುಗಳ ಅರ್ಥವನ್ನು ಜೂಡಿತ್ ಯಾರಿಗೂ ಹೇಳಲಿಲ್ಲ. ಒಮ್ಮೆ ನೂಲು ದೊರೆಯದಿದ್ದಾಗ ಕೈಯೊರಸುವ ಕಾಗದಗಳನ್ನೇ ತಂದು, ಹೊಸೆದು, ಗಂಟಿಗೆ ಗಂಟು ಬಿಗಿದು ಬೆಳ್ಳನೆಯ ಆಕೃತಿಯೊಂದನ್ನು ಮುಗಿಸಿದಳು.