ಮೈಕಲ್ ಮೈಯರ್ಸ್ ಬರದೇ ಇದ್ದ ‘ಹ್ಯಾಲೋವೀನ್’

ಇವತ್ತು 1982ರ ಅಮೆರಿಕಕ್ಕೆ ಹೋಗೋಣ. ಅಕ್ಟೋಬರ್ ತಿಂಗಳು, ಥಿಯೇಟರ್‌ಗಳಲ್ಲಿ ‘ಹ್ಯಾಲೋವೀನ್ 3: ಸೀಸನ್ ಆಫ್ ದಿ ವಿಚ್’. ಬಿಳಿ ಮುಖವಾಡ, ಕೈಯಲ್ಲಿ ಚಾಕು, ಬಾಯಿ ಬಿಡದ ಮೈಕಲ್ ಮೈಯರ್ಸ್. ಅವನನ್ನ ನೋಡೋಕೆ ಜನ ಟಿಕೆಟ್ ತಗೊಂಡು ಕೂತಿದ್ದಾರೆ. ಸಿನಿಮಾ ಮುಗೀತು, ಅವನು ಬರಲೇ ಇಲ್ಲ. ಮೊದಲ ಚಿತ್ರದ ತುಣುಕು ಕಥೆಯೊಳಗಿನ ಟಿವಿಯಲ್ಲಿ ಓಡುತ್ತೆ, ಅಷ್ಟೇ!

ಯಾಕೆ ಹೀಗಾಯ್ತು? 1978ರ ಮೊದಲ ಚಿತ್ರಕ್ಕೆ ಖರ್ಚಾಗಿದ್ದು ಸುಮಾರು 3 ಲಕ್ಷ ಡಾಲರ್, ಗಳಿಸಿದ್ದು ಸುಮಾರು 7 ಕೋಟಿ. 1981ರ ಎರಡನೆಯದರ ಕೊನೆಗೆ ಮೈಕಲ್ ಬೆಂಕಿಯಲ್ಲಿ ಬೆಂದುಹೋದ. ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಅವರಿಗೆ ಅದೇ ಕಥೆಯನ್ನ ಮತ್ತೆ ಎಳೆಯೋದು ಬೇಡವಾಗಿತ್ತು. ಹ್ಯಾಲೋವೀನ್ ರಾತ್ರಿಯ ಸುತ್ತ ಪ್ರತಿ ಸಲ ಬೇರೆಯದೇ ಕಥೆ ಹೇಳೋಣ ಅನ್ನೋದು ಅವರ ಯೋಜನೆ. ನಿರ್ದೇಶನ ಟಾಮಿ ಲೀ ವಾಲೇಸ್ ಅವರದು. ತಮಾಷೆ ನೋಡಿ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮುಖವಾಡ ತಂದು ಮೈಕಲ್‌ನ ಮುಖ ಮಾಡಿದವರೇ ಇವರು.

ಹೊಸ ಕಥೆಯಲ್ಲಿ ವಿಲನ್ ಒಬ್ಬ ಕಂಪನಿ ಮಾಲೀಕ, ಕೋನಲ್ ಕಾಕ್ರನ್. ಮಕ್ಕಳಿಗೆ ಮುಖವಾಡ ಮಾರ್ತಾನೆ, ಅದರೊಳಗಿನ ಚಿಪ್‌ನಲ್ಲಿ ಸ್ಟೋನ್‌ಹೆಂಜ್ ಕಲ್ಲಿನ ಚೂರು. ಟಿವಿಯಲ್ಲಿ ಅವನ ಜಾಹೀರಾತು ಬಂದಾಗ ಮುಖವಾಡ ಹಾಕಿಕೊಂಡ ಮಗು ಸಾಯುತ್ತೆ, ತಲೆಯಿಂದ ಹುಳ, ಹಾವು ಹೊರಗೆ ಬರ್ತವೆ. ಚಾಕು ಹಿಡಿದ ಒಬ್ಬ ಹುಚ್ಚನಿಗಿಂತ ಇದು ನನಗೆ ಜಾಸ್ತಿ ಭಯ ಹುಟ್ಟಿಸಿತು. ನಡುವಿನ ಅರ್ಧ ಗಂಟೆ ಎಳೆದಾಡಿದೆ, ಅದೂ ನಿಜ. ಮೊದಲ ಕರಡು ಬರೆದ ಬ್ರಿಟಿಷ್ ಲೇಖಕ ನೈಜೆಲ್ ನೀಲ್, ಆಮೇಲೆ ಸೇರಿಸಿದ ಹಿಂಸೆ ಇಷ್ಟವಾಗದೆ ತಮ್ಮ ಹೆಸರನ್ನೇ ತೆಗೆಸಿದರು.

ವಿಮರ್ಶಕರು? ರೋಜರ್ ಎಬರ್ಟ್ 4ರಲ್ಲಿ ಒಂದೂವರೆ ಸ್ಟಾರ್ ಕೊಟ್ಟರು. ಬೇರೆ ಒಳ್ಳೆ ಸಿನಿಮಾಗಳ ಬಿಡಿಭಾಗ ಜೋಡಿಸಿದ ಹಾಗಿದೆ ಅಂತ ಅವರ ದೂರು. ‘ನ್ಯೂಯಾರ್ಕ್ ಟೈಮ್ಸ್’ನ ವಿನ್ಸೆಂಟ್ ಕ್ಯಾನ್ಬಿ ಮಾತ್ರ, ಈ ಚಿತ್ರ ಬಂಡವಾಳಶಾಹಿ, ಟಿವಿ ಎರಡನ್ನೂ ಚುಚ್ಚುತ್ತಿದೆ ಅನ್ನೋದನ್ನ ಗುರುತಿಸಿದ್ದರು. ಆದರೆ ಪ್ರೇಕ್ಷಕರ ಸಿಟ್ಟೇ ಬೇರೆ. ಅವರ ತಕರಾರು ಸಿನಿಮಾದ ಗುಣಮಟ್ಟಕ್ಕಿಂತ ಹೆಸರಿನದು. ‘3’ ಅಂತ ಬೋರ್ಡ್ ಹಾಕಿ ಬೇರೆ ಸರಕು ಕೊಟ್ಟರು ಅಂತ. ಬಿಕಾಂ ಓದಿದ ನನಗೆ ಈ ಜಗಳ ಚೆನ್ನಾಗೇ ಅರ್ಥವಾಗುತ್ತೆ!

ಲೆಕ್ಕ ನೋಡಿ: ಬಜೆಟ್ ಸುಮಾರು 25 ಲಕ್ಷ ಡಾಲರ್, ಗಳಿಕೆ 1.44 ಕೋಟಿ. ಮುಳುಗಿದ ಸಿನಿಮಾ ಅಲ್ಲ. ಆದರೆ ಎರಡನೆಯದು 2.5 ಕೋಟಿ ದಾಟಿತ್ತಲ್ಲ, ಗ್ರಾಫ್ ಕೆಳಗೆ ಇಳಿದಿತ್ತು. ಹೊಸ ಕಥೆಗಳ ಯೋಜನೆ ಅಲ್ಲಿಗೇ ನಿಂತಿತು. 1988ರಲ್ಲಿ ನಾಲ್ಕನೆಯದು ಬಂತು. ಮೈಕಲ್ ಮೈಯರ್ಸ್ ವಾಪಸ್ ಬಂದಿದ್ದಾನೆ ಅಂತ ಟೈಟಲ್‌ನಲ್ಲೇ ಬರೆದಿದ್ದರು, ಯಾರೂ ಮತ್ತೆ ಮೋಸ ಹೋದೆವು ಅನ್ನಬಾರದಲ್ಲ.

ವಿಡಿಯೋ ಕ್ಯಾಸೆಟ್, ಟಿವಿ ಕಾಲದಲ್ಲಿ ಈ ಮೂರನೆಯದಕ್ಕೆ ನಿಧಾನವಾಗಿ ಅಭಿಮಾನಿಗಳು ಹುಟ್ಟಿಕೊಂಡರು. 2018ರ ‘ಹ್ಯಾಲೋವೀನ್’ ನೋಡುವಾಗ ಬೀದಿಯಲ್ಲಿ ಓಡಾಡೋ ಮಕ್ಕಳ ಮುಖ ಗಮನಿಸಿ. ಕಾಕ್ರನ್ ಮಾರಿದ ಅದೇ ಮುಖವಾಡಗಳು.