ಕಿಳ್ಳೇಕ್ಯಾತನ ಕೈಕಾಲು

ಅಮೆರಿಕದಲ್ಲಿ ಪಾಲ್ ಟೆರಿ ಎಂಬೊಬ್ಬ ವ್ಯಂಗ್ಯಚಿತ್ರಕಾರನಿದ್ದ. ನ್ಯೂಯಾರ್ಕಿನ ಹತ್ತಿರದ ನ್ಯೂ ರೋಷೆಲ್ ಎಂಬ ಊರಿನಲ್ಲಿ ಆತ ನಡೆಸುತ್ತಿದ್ದ 'ಟೆರಿಟೂನ್ಸ್' ಸಂಸ್ಥೆ ಹದಿನೈದು ದಿನಕ್ಕೊಂದರಂತೆ ಚಲಿಸುವ ವ್ಯಂಗ್ಯಚಿತ್ರಗಳನ್ನು ಹೊರತರುತ್ತಿತ್ತು. ಹಣ ಕಡಿಮೆ, ಅವಸರ ಹೆಚ್ಚು. ವಾಲ್ಟ್ ಡಿಸ್ನಿ ಈ ಕಸುಬಿನ ವಜ್ರದಂಗಡಿಯಾದರೆ ತಾನು ಚಿಲ್ಲರೆ ಸಾಮಾನಿನ ಅಂಗಡಿ ಎಂದು ಆತ ಹೇಳಿಕೊಳ್ಳುತ್ತಿದ್ದನೆಂದು ಪ್ರತೀತಿ. ಈ ಮಾತಿನಲ್ಲಿ ವಿನಯವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಬಿಡೋಣ. ಚಿಲ್ಲರೆ ಅಂಗಡಿಯಲ್ಲಿಯೂ ಕೆಲವೊಮ್ಮೆ ವಜ್ರದಂಗಡಿಯಲ್ಲಿ ದೊರೆಯದ ವಸ್ತು ದೊರೆಯುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಟೆರಿಗಿಂತ ಎಷ್ಟೋ ಹಿಂದೆಯೇ ಅಂಥದೊಂದು ಚಿಲ್ಲರೆ ಅಂಗಡಿಯಿತ್ತು. ಒಂದು ಬಿಳಿಯ ಬಟ್ಟೆ, ಒಂದು ಹರಳೆಣ್ಣೆಯ ದೀಪ, ಒಂದು ಬುಟ್ಟಿ ತೊಗಲು, ಒಂದು ಕುಟುಂಬ: ಇಷ್ಟೇ ಅದರ ಬಂಡವಾಳ. ಆ ಅಂಗಡಿಯ ಸರಕಿನಲ್ಲಿ ಪಂಡಿತರ ಕಣ್ಣಿಗೆ ಅಷ್ಟಾಗಿ ಬೀಳದ, ಆದರೆ ನನಗೆ ಬಹಳ ಪ್ರಿಯವಾದ ಕೆಲವು ಗೊಂಬೆಗಳ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ತೊಗಲುಗೊಂಬೆಯಾಟವೆಂದೊಡನೆ ನಮ್ಮ ಲೇಖಕರು ರಾಮ, ರಾವಣ, ದಶರಥರ ಗೊಂಬೆಗಳ ಸೌಂದರ್ಯವನ್ನು ವರ್ಣಿಸಲು ತೊಡಗುತ್ತಾರೆ. ವರ್ಣಿಸತಕ್ಕದ್ದೇ. ಆಡಿನ ಅಥವಾ ಜಿಂಕೆಯ ತೊಗಲನ್ನು ಬಿಸಿನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿ, ಬೆಳಕು ತೂರುವಷ್ಟು ತೆಳುವಾದ ಮೇಲೆ ಅದರಲ್ಲಿ ರೂಪ ಬರೆದು, ಸಣ್ಣ ಉಳಿಗಳಿಂದ ರಂಧ್ರ ಕೊರೆದು, ಕೆಂಪು, ಹಸಿರು, ಕಪ್ಪು ಬಣ್ಣಗಳನ್ನು ಊಡಿಸುತ್ತಾರೆ. ಒಡವೆಗಳಿರುವ ಕಡೆಯಲ್ಲೆಲ್ಲ ರಂಧ್ರ. ದೀಪದ ಮುಂದೆ ಹಿಡಿದಾಗ ಆ ರಂಧ್ರಗಳೇ ಮುತ್ತು. ಪಾರ್ಶ್ವಮುಖ, ಮುಖದಷ್ಟೇ ಗಮನ ಸೆಳೆಯುವ ಅಗಲವಾದ ಕಣ್ಣು, ನೆರಿಗೆ ನೆರಿಗೆಯಾದ ಉಡುಗೆ: ಇವನ್ನು ಕಂಡವರಿಗೆ ಲೇಪಾಕ್ಷಿಯ ಚಿತ್ರಗಳೂ ಹಂಪೆಯ ವಿರೂಪಾಕ್ಷನ ರಂಗಮಂಟಪದ ಮೇಲ್ಚಾವಣಿಯ ಚಿತ್ರಗಳೂ ನೆನಪಾಗದೆ ಇರವು.

ಆದರೆ ಆಟ ನೋಡಲು ಕುಳಿತವನ ಅನುಭವ ಬೇರೆ. ರಾಜಾಧಿರಾಜನ ಈ ಗೊಂಬೆ ತೆರೆಯ ಮೇಲೆ ಬಂದು ನಿಲ್ಲುತ್ತದೆ, ನಿಂತೇ ಇರುತ್ತದೆ. ನಡುವೆ ಸೀಳಿದ ಒಂದು ಕಡ್ಡಿಯೇ ಅದರ ಬೆನ್ನೆಲುಬು. ಕೈ ಆಡದು, ಕಾಲು ಆಡದು. ಅರಸನ ಮಾತು ದೀರ್ಘವಾದರೆ ಆಟಗಾರ ಗೊಂಬೆಯನ್ನು ಮುಳ್ಳಿನಿಂದ ಬಟ್ಟೆಗೆ ಚುಚ್ಚಿ ನಿಲ್ಲಿಸಿ, ತನ್ನ ಎರಡೂ ಕೈಗಳನ್ನು ಬಿಡುವು ಮಾಡಿಕೊಳ್ಳುತ್ತಾನೆ. ಸಭೆ, ವನ, ಅಂತಃಪುರ ಬೇಕಾದಲ್ಲಿ ಒಂದೇ ದೊಡ್ಡ ತೊಗಲಿನಲ್ಲಿ ಮರ, ಹಕ್ಕಿ, ಮಂಚ, ನಾಲ್ಕಾರು ಜನ ಎಲ್ಲವನ್ನೂ ಸೇರಿಸಿ ಕೊರೆದ ದೃಶ್ಯಗೊಂಬೆ ಬರುತ್ತದೆ. ಅದಂತೂ ಚಲನೆಯ ಹಂಗೇ ಇಲ್ಲದ ಚಿತ್ರಪಟ. ಗೊಂಬೆಯ ಅಳತೆಯಲ್ಲಿಯೂ ಒಂದು ಸಮಾಜನೀತಿಯುಂಟು: ಅರಸ ದೊಡ್ಡವನು, ಸೇವಕ ಚಿಕ್ಕವನು.

ಹಾಗಾದರೆ ಕೈಕಾಲು ಆಡುವುದು ಯಾರಿಗೆ? ಕುಣಿಯುವವಳಿಗೆ, ಕೆಲವು ಮೃಗಗಳಿಗೆ, ಎಲ್ಲರಿಗಿಂತ ಹೆಚ್ಚಾಗಿ ವಿದೂಷಕನಿಗೆ. ಗಣಪತಿ, ಸರಸ್ವತಿಯರ ಸ್ತುತಿ ಮುಗಿಯುತ್ತಿದ್ದಂತೆ ತೆರೆಗೆ ನುಗ್ಗುವ ಕಿಳ್ಳೇಕ್ಯಾತ ಕಪ್ಪು ಮೈಯವನು, ಡೊಳ್ಳು ಹೊಟ್ಟೆಯವನು, ಕೆದರಿದ ಜುಟ್ಟಿನವನು. ಅವನ ಹೆಂಡತಿ ಬಂಗಾರಕ್ಕ. ಇವರಿಬ್ಬರ ಮೈಯಲ್ಲಿ ಕೊರೆತದ ನಯವಿಲ್ಲ, ಮುತ್ತಿನ ರಂಧ್ರಗಳಿಲ್ಲ. ಇರುವುದು ಕೀಲುಗಳು. ಭುಜದಲ್ಲಿ ದಾರದ ಗಂಟು, ಮೊಣಕೈಯಲ್ಲಿ ದಾರದ ಗಂಟು, ಸೊಂಟದಲ್ಲಿ ಇನ್ನೊಂದು. ಶಿಲ್ಪಿಯ ಶ್ರಮವೆಲ್ಲ ಅರಸನ ಕಿರೀಟಕ್ಕೆ ಸಂದಿದ್ದರೆ, ಆಟಗಾರನ ಶ್ರಮವೆಲ್ಲ ಈ ದಂಪತಿಗಳ ಕೈಕಾಲಿಗೆ ಸಂದಿದೆ.

ಇದು ಬಡವರ ಯುಕ್ತಿ, ಮತ್ತು ಬಹಳ ಆಲೋಚಿಸಿ ಕಂಡುಕೊಂಡ ಯುಕ್ತಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ವ್ಯಂಗ್ಯಚಿತ್ರವನ್ನು ಪೂರ್ಣ ಚಲನೆಯಿಂದ ತೆಗೆಯಬೇಕಾದರೆ ಸೆಕೆಂಡಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಬರೆಯಬೇಕು. ಅಷ್ಟು ಹಣವಿಲ್ಲದವರು ದೇಹವನ್ನು ನಿಶ್ಚಲವಾಗಿಟ್ಟು ಬಾಯಿಯನ್ನೋ ಒಂದು ಕೈಯನ್ನೋ ಮಾತ್ರ ಆಡಿಸುತ್ತಾರೆ. 1957ರಲ್ಲಿ ಹ್ಯಾನಾ ಮತ್ತು ಬಾರ್ಬೆರಾ ಎಂಬಿಬ್ಬರು ಟೆಲಿವಿಷನ್ನಿಗಾಗಿ ಸಂಸ್ಥೆ ತೆರೆದಾಗ ಹಿಡಿದದ್ದು ಈ ಹಾದಿಯನ್ನೇ. ಅದಕ್ಕಿಂತ ಹಿಂದೆ, 1926ರಲ್ಲಿ, ಜರ್ಮನಿಯ ಲೋಟೆ ರೈನಿಗರ್ ಎಂಬ ಮಹಿಳೆ ಕಪ್ಪು ಕಾಗದವನ್ನು ಕತ್ತರಿಸಿ, ಕೀಲು ಜೋಡಿಸಿ, ಹಿಂದಿನಿಂದ ಬೆಳಕು ಬಿಟ್ಟು ರಾಜಕುಮಾರ ಅಹ್ಮದನ ಸಾಹಸಗಳ ಪೂರ್ಣ ಪ್ರಮಾಣದ ಚಿತ್ರವನ್ನೇ ತೆಗೆದಿದ್ದಳು. ಇಂದು ಉಳಿದಿರುವ ಪೂರ್ಣಪ್ರಮಾಣದ ಚಲಿಸುವ ಚಿತ್ರಗಳಲ್ಲಿ ಅದೇ ಮೊದಲನೆಯದು. ನಮ್ಮ ಆಟಗಾರನಿಗೆ ಇವರಾರ ಪರಿಚಯವೂ ಬೇಕಿರಲಿಲ್ಲ. ಎಲ್ಲವನ್ನೂ ಆಡಿಸಲು ಎರಡೇ ಕೈಗಳಿರುವಾಗ ಯಾವುದು ಆಡಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಅವನು ತೀರ್ಮಾನಿಸಿದ್ದ. ದೇವರು ನಿಲ್ಲಲಿ, ಬಡವ ಆಡಲಿ ಎಂದು.

ಈ ಆಟಗಾರರ ಇತಿಹಾಸವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು, ಕಟಬರು ಎಂದು ಊರಿಗೊಂದು ಹೆಸರು. ಮನೆಯೊಳಗೆ ಮರಾಠಿಗೆ ಹತ್ತಿರವಾದ ನುಡಿ, ತೆರೆಯ ಮುಂದೆ ಕನ್ನಡ. ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇವರ ಹೆಸರಿದೆ. ನೆರಳಿನಾಟದ ಸಂಪ್ರದಾಯವಾದರೋ ಅದಕ್ಕಿಂತ ಬಹಳ ಹಳೆಯದು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಅದರ ಪ್ರಸ್ತಾಪವನ್ನು ವಿದ್ವಾಂಸರು ಗುರುತಿಸಿದ್ದಾರೆ. ನನಗೆ ಇವೆಲ್ಲಕ್ಕಿಂತ ಕುತೂಹಲಕರವಾಗಿ ಕಾಣುವುದು ಹೆಸರಿನ ಸಂಗತಿ. ಊರೂರು ಅಲೆದು ರಾಮಾಯಣ, ಭಾರತಗಳನ್ನು ಆಡಿ ತೋರಿಸಿದ ಈ ಜನರನ್ನು ನಮ್ಮ ಹಳ್ಳಿಗರು ರಾಮನ ಹೆಸರಿನಿಂದ ಕರೆಯಲಿಲ್ಲ, ಭೀಮನ ಹೆಸರಿನಿಂದ ಕರೆಯಲಿಲ್ಲ; ಡೊಳ್ಳುಹೊಟ್ಟೆಯ ವಿದೂಷಕನ ಹೆಸರಿನಿಂದ ಕರೆದರು. ನೋಡುವವರಿಗೆ ನೆನಪಿನಲ್ಲಿ ಉಳಿದದ್ದು ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೆರಳು ನೋಡುವ ಹುಚ್ಚು ಈ ಸೀಮೆಗೆ ಎಂದಿನಿಂದಲೂ ಇದೆಯೋ ಏನೋ. ವಿರೂಪಾಕ್ಷ ದೇವಾಲಯದ ಒಂದು ಕತ್ತಲ ಕೋಣೆಯ ಗೋಡೆಯ ಮೇಲೆ, ಸಣ್ಣ ಕಿಂಡಿಯಿಂದ ನುಸುಳುವ ಬೆಳಕಿನಲ್ಲಿ, ಮಹಾಗೋಪುರ ತಲೆಕೆಳಗಾಗಿ ಮೂಡುವುದನ್ನು ಹಂಪೆಗೆ ಹೋದವರೆಲ್ಲ ನೋಡಿ ಬಂದಿದ್ದಾರೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಸೈನಿಕರ ಸಾಲು, ನರ್ತಕಿಯರ ಸಾಲು ಒಂದರ ಮೇಲೊಂದು ಹರಿದಿವೆ. ನಿಂತು ನೋಡಿದರೆ ಅವು ಶಿಲ್ಪ. ಗೋಡೆಯ ಉದ್ದಕ್ಕೂ ಸ್ವಲ್ಪ ಬಿರುಸಾಗಿ ನಡೆಯುತ್ತ ನೋಡಿರಿ. ಕುದುರೆ ಕಾಲೆತ್ತುತ್ತದೆ, ಇಡುತ್ತದೆ, ಮತ್ತೆ ಎತ್ತುತ್ತದೆ. ಒಳಗೆ ರಾಮಾಯಣ ಪಟ್ಟಿಕೆ ಪಟ್ಟಿಕೆಯಾಗಿ ಸಾಗುತ್ತದೆ. ಹದಿನೈದನೆಯ ಶತಮಾನದ ಈ ಗೋಡೆ ಅರಸರ ಬೊಕ್ಕಸದಿಂದ ಆದದ್ದು. ಇಲ್ಲಿ ಕಲ್ಲು ನಿಂತಿದೆ, ನೋಡುವವನು ನಡೆಯಬೇಕು. ಗೊಂಬೆಯವನಿಗೆ ಅಂಥ ಬೊಕ್ಕಸವಿರಲಿಲ್ಲವಾದ್ದರಿಂದ ನೋಡುವವರನ್ನು ಕೂರಿಸಿ ಚಿತ್ರವನ್ನೇ ನಡೆಸಿದ. ಕಿಳ್ಳೇಕ್ಯಾತನ ನೆಂಟರನ್ನು ಹಂಪೆಯಲ್ಲಿ ಹುಡುಕುವವರು ಮೇಲ್ಚಾವಣಿಯನ್ನು ಬಿಟ್ಟು ಕಂಬಗಳ ಕೆಳಭಾಗವನ್ನು ನೋಡಬೇಕು. ಮಂಗಗಳು, ಗಡ್ಡದ ಜೋಗಿಗಳು, ಸೊಂಟ ತಿರುಚಿ ಕುಣಿಯುವವರು ಅಲ್ಲಿಯೇ ಇದ್ದಾರೆ.

ಕಂಪ್ಲಿಯ ಕಡೆಯ ಒಂದು ಹಳ್ಳಿಯಲ್ಲಿ, ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ ನಾನು ನೋಡಿದ ಆಟ ಲಂಕಾದಹನ. ಅದರಲ್ಲಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಮೂರು ಸಂಗತಿಗಳು, ಮೂರೂ ಕಥೆಯ ಅಂಚಿನವು.

ಬಂಗಾರಕ್ಕ ರೊಟ್ಟಿ ಬಡಿದದ್ದು ಒಂದು. ಗಂಡ ಹಸಿವೆಯೆಂದು ಕೂಗುತ್ತಾನೆ, ಅವಳು ಬಡಿಯುತ್ತಾಳೆ. ತೆರೆಯ ಮೇಲೆ ಆಡುತ್ತಿದ್ದುದು ಒಂದೇ ಕೈ; ಬಡಿತದ ಸದ್ದು ಮದ್ದಳೆಯದು. ಲಯ ಮೊದಲು ವಿಲಂಬವಾಗಿ, ಜಗಳ ಏರಿದಂತೆ ಚುರುಕಾಗಿ, ಕಡೆಗೆ ಆ ಕೈ ರೊಟ್ಟಿಯನ್ನು ಬಿಟ್ಟು ಗಂಡನ ಬೆನ್ನನ್ನು ಬಡಿಯುತ್ತಿತ್ತು. ಎಲ್ಲಿ ರೊಟ್ಟಿ ಮುಗಿದು ಎಲ್ಲಿ ಬೆನ್ನು ಆರಂಭವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಬಂಗಾರಕ್ಕನ ದನಿ ಆಟಗಾರನ ಹೆಂಡತಿಯದೇ. ಹೆಣ್ಣುಪಾತ್ರದ ಮಾತು, ಹಾಡುಗಳನ್ನು ಹೆಂಗಸರೇ ಹೇಳುವುದು ಈ ಮೇಳಗಳ ಪದ್ಧತಿ. ಗಂಡಸರೇ ಸೀರೆಯುಟ್ಟು ಕುಣಿಯುತ್ತಿದ್ದ ಬಯಲಾಟದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆ ರಾತ್ರಿಯ ಜಗಳದಲ್ಲಿ ಎಷ್ಟು ಭಾಗ ಗೊಂಬೆಗಳದು, ಎಷ್ಟು ಭಾಗ ತೆರೆಯ ಹಿಂದಿನವರದು ಎಂದು ಮುಂದೆ ಕುಳಿತ ಹೆಂಗಸರು ಪಿಸುಗುಟ್ಟಿ ನಗುತ್ತಿದ್ದರು.

ಎರಡನೆಯದು ಸುರಸೆಯ ಪ್ರಸಂಗ. ಸುರಸೆ ಬಾಯಿ ತೆರೆದಷ್ಟೂ ಹನುಮಂತ ಬೆಳೆಯಬೇಕು. ಬೆಳೆಯುವ ಗೊಂಬೆಯೆಂಬುದುಂಟೆ? ಆಟಗಾರ ಗೊಂಬೆಯನ್ನು ಬಟ್ಟೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆದ. ನೆರಳು ಹಿಗ್ಗಿತು, ಅಂಚು ಮಸುಕಾಯಿತು, ಬಣ್ಣ ಕದಡಿತು, ಹನುಮಂತ ಮೋಡವಾದ. ಮರುಕ್ಷಣವೇ ಬಟ್ಟೆಗೆ ಒತ್ತಿದಾಗ ಗೇಣುದ್ದದ ಕೋತಿ. ಖರ್ಚು ಒಂದು ಕಾಸೂ ಇಲ್ಲ.

ಮೂರನೆಯದು ಕಥೆಯಲ್ಲಿ ಇಲ್ಲವೇ ಇಲ್ಲ. ಲಂಕೆ ಉರಿಯುತ್ತಿರುವಾಗ ಕಿಳ್ಳೇಕ್ಯಾತ ಓಡಿ ಬಂದು, ಕಾಲುವೆಯಲ್ಲಿ ನೀರು ಬಿಡುವ ಸರದಿ ಇಂದು ಯಾರದೆಂದು ಕೇಳಿದ. ತುದಿಯ ಹೊಲದವರಿಗೆ ನೀರು ಬಾರದ ಊರು ಅದು. ಜನ ಎದ್ದು ನಿಂತು ಕೇಕೆ ಹಾಕಿದರು. ಇದೇ ಮೇಳ ಸಂಡೂರಿನ ಕಡೆ ಹೋದಾಗ ಕ್ಯಾತ ಮೈಮೇಲಿನ ಕೆಂಪು ಧೂಳನ್ನು ಕೊಡವುತ್ತ ಬರುತ್ತಿದ್ದನಂತೆ. ಅದಿರಿನ ಸೀಮೆಯವರಿಗೆ ಬೇರೆ ವಿವರಣೆ ಬೇಕೆ? ಅರಸನ ಮಾತು ಪೀಳಿಗೆಯಿಂದ ಪೀಳಿಗೆಗೆ ಬಾಯಿಪಾಠವಾಗಿ ಬಂದದ್ದು, ಊರು ಬದಲಾದರೂ ಬದಲಾಗದು. ಕ್ಯಾತನ ಮಾತು ಆಯಾ ಊರಿನಲ್ಲಿ ಆ ಸಂಜೆ ಹುಟ್ಟಿ ಆ ರಾತ್ರಿಯೇ ಮುಗಿಯುವುದು.

ಹೊಸಪೇಟೆಯ ಟಾಕೀಸುಗಳಲ್ಲಿಯೂ ಚಲಿಸುವ ಚಿತ್ರಗಳು ಬಂದವು. ಸರ್ಕಾರದ ಫಿಲಂಸ್ ಡಿವಿಷನ್ 1948ರಲ್ಲಿ ಆರಂಭವಾಯಿತು. ಅದರ ವ್ಯಂಗ್ಯಚಿತ್ರ ವಿಭಾಗ 1956ರಲ್ಲಿ. ಡಿಸ್ನಿಯ ಬಳಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬಾತ ಮುಂಬಯಿಗೆ ಬಂದು ನಮ್ಮ ಚಿತ್ರಕಾರರಿಗೆ ಕಲಿಸಿದ; 1957ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ 'ದಿ ಬನಿಯನ್ ಡೀರ್' ಸಿದ್ಧವಾಯಿತು. ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ಈ ಸರ್ಕಾರಿ ಕಿರುಚಿತ್ರಗಳ ಹೊತ್ತಿಗೆ ನಮ್ಮ ಜನ ಹೊರಗೆ ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದರು. ಅಲ್ಲಿಯೂ ಕೆಲವು ಒಳ್ಳೆಯ ವ್ಯಂಗ್ಯಚಿತ್ರಗಳು ಬಂದುಹೋದವು. ಆದರೆ ಹಿತವಚನ ಹೇಳುವುದೇ ಅವುಗಳ ಕೆಲಸವಾಗಿತ್ತು. ಕಿಳ್ಳೇಕ್ಯಾತ ಯಾರಿಗೂ ಹಿತವಚನ ಹೇಳಿದವನಲ್ಲ.

ಅವನನ್ನು ಸೋಲಿಸಿದ್ದು ಸಿನಿಮಾ ಒಂದೇ ಎಂದು ಹೇಳುವುದು ವಾಡಿಕೆ. ನನಗೆ ಅದು ಅರೆಮಾತು. ಗೊಂಬೆಯ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಊರುಗಳಿದ್ದವು. ಒಬ್ಬರ ಊರಿನಲ್ಲಿ ಇನ್ನೊಬ್ಬರು ಆಡುವಂತಿಲ್ಲ. ಮಳೆ ಬಾರದಿದ್ದರೆ, ದನಗಳಿಗೆ ಬೇನೆ ಬಂದರೆ ಊರವರು ಆಟ ಆಡಿಸುತ್ತಿದ್ದರು, ಕಾಳು ಅಳೆಯುತ್ತಿದ್ದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಅದರ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದವು. ಆ ಹಳ್ಳಿಗಳೊಂದಿಗೆ ಯಾರ ಯಾರದೋ ಆಟದ ಹಕ್ಕೂ ಮುಳುಗಿರಲೇಬೇಕು. ಅದಕ್ಕೆ ಪರಿಹಾರದ ಲೆಕ್ಕ ಯಾವ ಕಚೇರಿ ಬರೆದೀತು? ಇತ್ತ ಉಳಿದ ಊರುಗಳಿಗೆ ಕಾಲುವೆಯ ನೀರು ಬಂದ ಮೇಲೆ ಮಳೆಗಾಗಿ ಗೊಂಬೆಯಾಡಿಸುವ ಅಗತ್ಯವೂ ತಗ್ಗಿತು. ಬಲೆ ಹಿಡಿಯಲು ಗೊತ್ತಿದ್ದವರು ಬಲೆ ಹಿಡಿದರು.

ಗೊಂಬೆಗಳನ್ನು ಉಳಿಸಿದವರಲ್ಲಿ ಎಂ. ಎಸ್. ನಂಜುಂಡರಾಯರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಅವರು ಹಳ್ಳಿಹಳ್ಳಿ ಅಲೆದು ಕೂಡಿಸಿದ ತೊಗಲುಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ಉಡುಪಿಯ ಎಸ್. ಎ. ಕೃಷ್ಣಯ್ಯನವರು ಈ ಕಲೆಯನ್ನು ಕುರಿತು ಬರೆದರು. ಬಳ್ಳಾರಿಯಲ್ಲಿ ರಂಗಭೂಮಿಯಿಂದ ಬಂದ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಗೂ ಗೊಂಬೆ ಮಾಡಿಸಿ ದೇಶವಿದೇಶಗಳಲ್ಲಿ ಆಡಿಸಿದರು. 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡದ್ದು ನಮ್ಮ ಸೀಮೆಗೆ ದೊಡ್ಡ ನಷ್ಟ. ಹೊಳೆಯ ಆಚೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಜಾತಿಯ ಹೆಸರನ್ನು, ಅಂದರೆ ವಿದೂಷಕನ ಹೆಸರನ್ನು, ತಮ್ಮ ಹೆಸರಿನಲ್ಲಿ ಹೊತ್ತು ಆ ತಾಯಿ ದಿಲ್ಲಿಗೆ ಹೋದರು.

ಆದರೂ ನನಗೊಂದು ಕೊರಗು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಅರಸನ ಗೊಂಬೆಗೆ ಹೆಚ್ಚು ನಷ್ಟವೇನೂ ಇಲ್ಲ. ಅದು ತೆರೆಯ ಮೇಲೂ ನಿಂತೇ ಇತ್ತು, ಇಲ್ಲಿಯೂ ನಿಂತಿದೆ. ಹಿಂದಿನಿಂದ ಒಂದು ದೀಪ ಹಚ್ಚಿದರೆ ಮುತ್ತುಗಳು ಮಿನುಗುತ್ತವೆ. ಕ್ಯಾತನನ್ನು ಹಾಗೆ ಮೊಳೆಗೆ ತೂಗುಹಾಕಿದರೆ ಅವನ ಕೈಕಾಲುಗಳು ಜೋತುಬೀಳುತ್ತವೆ. ಬರೆದುಕೊಳ್ಳಲು ಬಂದವರೂ ರಾಮಾಯಣದ ಪದಗಳನ್ನು ಬರೆದುಕೊಂಡು, ಕ್ಯಾತ ಬಂದಾಗ ಲೇಖನಿ ಕೆಳಗಿಟ್ಟದ್ದುಂಟು. ಅವನ ಮಾತಿನಲ್ಲಿ ಪೋಲಿತನವಿತ್ತು, ನಿಜ. ಪೋಲಿಯೆಂದು ಬಿಟ್ಟದ್ದರ ಜೊತೆಯಲ್ಲಿ ಒಂದು ಸೀಮೆಯ ಆಡುನುಡಿಯೂ, ಅದರ ತಕರಾರುಗಳೂ ಹೋದವು.

ಸವೆದು ಹರಿದ ಗೊಂಬೆಗಳನ್ನು ಬಿಸಾಡದೆ ಹೊಳೆಗೆ ಒಪ್ಪಿಸುವುದು ಈ ಜನರ ರೂಢಿ. ದಿನವೂ ಕುಣಿದು, ಹೊಡೆದಾಡಿ, ಕೀಲು ಸಡಿಲಿ ಬೇಗ ಸವೆಯುವವರು ಕ್ಯಾತ ಮತ್ತು ಬಂಗಾರಕ್ಕ. ಕಂಪ್ಲಿಯ ಆ ಮೇಳದ ತಾತನ ಬುಟ್ಟಿಯಲ್ಲಿ ದಶರಥ ಅವರ ಅಜ್ಜನ ಕಾಲದವನಾಗಿದ್ದ. ಬಂಗಾರಕ್ಕ ಹಿಂದಿನ ವರ್ಷ ಮಾಡಿದವಳು. ಅವಳ ಬಲಗೈ ಮಾತ್ರ ಹಳೆಯ ಬಂಗಾರಕ್ಕನದು. ಹೊಳೆಗೆ ಬಿಡುವ ಮುಂಚೆ ಗಂಟು ಬಿಚ್ಚಿ ಅದನ್ನು ತೆಗೆದಿಟ್ಟುಕೊಂಡು ಹೊಸಬಳಿಗೆ ಹೊಲಿದಿದ್ದರು. ರೊಟ್ಟಿ ಬಡಿಯುವ ಕೈ ಅದು, ಹೊಸ ತೊಗಲಿಗೆ ಆ ತೂಕ ಬರುವುದಿಲ್ಲವೆಂದರು.